ಫಿಸಿಯೋ ಪ್ರಶ್ನೋತ್ತರ: ಬಸ್ಕಿ ಹೊಡೆದರೆ ಮಂಡಿ ಸವೆಯುತ್ತದೆಯೇ?

ಪ್ರಶ್ನೆ: ನನಗೆ 34 ವರ್ಷ. ಎರಡು ತಿಂಗಳಿಂದ ದಿನಾ 100 ಬಸ್ಕಿ ಹೊಡೆಯುತ್ತಿದ್ದೇನೆ. ಈಗ ಮೆಟ್ಟಿಲು ಇಳಿಯುವಾಗ, ಬಹಳ ಹೊತ್ತು ಕೂತು ಏಳುವಾಗ ಮಂಡಿಚಿಪ್ಪಿನ ಸುತ್ತ ನೋವು. ಊತವಿಲ್ಲ, ಆದರೆ ಲಟಲಟ ಸದ್ದು ಬರುತ್ತದೆ. ಮಂಡಿ ಸವೆದುಹೋಗುತ್ತದೆ, ಬಿಟ್ಟುಬಿಡು ಅನ್ನುತ್ತಾರೆ ಮನೆಯವರು. ಬಿಡಲೇ?

ಉತ್ತರ: ಬಿಡಬೇಡಿ, ಕಡಿಮೆ ಮಾಡಿ. ನೀವು ಬರೆದಿರುವ ಲಕ್ಷಣಗಳು ಮಂಡಿಚಿಪ್ಪು ತೊಡೆಮೂಳೆಯ ಮೇಲೆ ಜಾರುವ ಜಾಗ ಕೆರಳಿದಾಗ ಕಾಣುವಂಥವು. ಮಂಡಿ ಮಡಿಸಿದಷ್ಟೂ ಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ಮೆಟ್ಟಿಲು ಇಳಿಯುವಾಗಲಂತೂ ಇಡೀ ಮೈಭಾರವನ್ನು ಮೇಲಿನ ಮೆಟ್ಟಿಲಲ್ಲಿರುವ ಒಂದೇ ಕಾಲು, ಮಂಡಿ ಮಡಿಸುತ್ತಾ, ಹಿಡಿದು ಹಿಡಿದು ಕೆಳಗಿಳಿಸಬೇಕು. ಅದಕ್ಕೇ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಸದ್ದು ಬಂದ ಕ್ಷಣದಲ್ಲೇ ನೋವು ಚುಚ್ಚದಿದ್ದರೆ ಸದ್ದಿನ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ.

ತಪ್ಪು ಬಸ್ಕಿಯದಲ್ಲ. ಒಮ್ಮೆಲೇ ನೂರು, ಅದೂ ಒಂದು ದಿನವೂ ಬಿಡುವಿಲ್ಲದೆ, ಎನ್ನುವುದೇ ತಪ್ಪು. ಹೀಗೆ ಮಾಡಿ. ಹಿಂದೆ ಒಂದು ಗಟ್ಟಿ ಕುರ್ಚಿ ಇಟ್ಟು, ಅದರ ಮೇಲೆ ಒಂದೆರಡು ದಿಂಬು ಹಾಕಿ ಎತ್ತರಿಸಿ. ಪಾದಗಳು ಭುಜದಗಲ, ಬೆರಳುಗಳು ತುಸು ಹೊರಕ್ಕೆ. ಮನಸ್ಸಿನಲ್ಲೇ ಮೂರು ಎಣಿಸುತ್ತಾ ಇಳಿದು, ದಿಂಬಿಗೆ ತಾಗಿಸಿ ಎದ್ದುಬಿಡಿ, ಧೊಪ್ಪನೆ ಕೂರಬೇಡಿ. 10 ಸಲಕ್ಕೆ ಒಂದು ಸೆಟ್, ನಡುವೆ ಒಂದೆರಡು ನಿಮಿಷ ಸುಧಾರಿಸಿಕೊಂಡು ಮೂರು ಸೆಟ್, ದಿನ ಬಿಟ್ಟು ದಿನ. ಎರಡು ವಾರ ಸಲೀಸಾಗಿ ನಡೆದರೆ ದಿಂಬು ತೆಗೆಯಿರಿ. ಆಮೇಲೆ 2 ಕಿಲೋ ಭಾರ ಎದೆಗವಚಿಕೊಂಡು ಮಾಡಿ. ಆಳ, ಎಣಿಕೆ, ಭಾರ, ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಏರಿಸಬೇಕು.

ಕನ್ನಡಿ ಎದುರು ನಿಂತು ನೋಡಿಕೊಳ್ಳಿ. ಏಳುವ ಕ್ಷಣದಲ್ಲಿ ಮಂಡಿಗಳು ಒಂದಕ್ಕೊಂದು ಹತ್ತಿರ ವಾಲುತ್ತಿದ್ದರೆ ಸೊಂಟದ ಪಕ್ಕದ ಸ್ನಾಯುವಿಗೂ ಕೆಲಸ ಕೊಡಬೇಕು. ಬೆನ್ನು, ಪೃಷ್ಠ, ಹಿಮ್ಮಡಿ ಗೋಡೆಗೆ ತಾಗುವಂತೆ ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಗೋಡೆಗುಂಟ ಒಂದಡಿಯಷ್ಟು ಎತ್ತಿ ಇಳಿಸಿ. 12 ಸಲ, ಮೂರು ಸೆಟ್. ಹಿಮ್ಮಡಿ ಗೋಡೆ ಬಿಟ್ಟು ಮುಂದೆ ಬಂತೆಂದರೆ ಸೊಂಟದ ಕೆಲಸವನ್ನು ತೊಡೆಯ ಮುಂಭಾಗ ಕದ್ದಿದೆ ಎಂದೇ ಅರ್ಥ. ಮಂಡಿ ಕಾಲ್ಬೆರಳನ್ನು ದಾಟಲೇಬಾರದು ಎಂಬ ಮಾತು ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ. ಬಲವಂತವಾಗಿ ಹಿಂದೆ ಹಿಡಿದರೆ ಮೈ ಮುಂದಕ್ಕೆ ಬಾಗಿ ಹೊರೆ ಸೊಂಟ, ಬೆನ್ನಿಗೆ ಹೋಗುತ್ತದೆ. ನೋವಿರುವ ಈ ಕೆಲವು ವಾರ ಸ್ವಲ್ಪ ಹಿಂದಕ್ಕೆ ಕೂತರೆ ಸಾಕು.

ನೋವಿಗೆ ಹತ್ತರಲ್ಲಿ ಅಂಕ ಕೊಡಿ. ಮಾಡುವಾಗ ಮೂರರೊಳಗಿದ್ದು, 24 ಗಂಟೆಯೊಳಗೆ ಮೊದಲಿನಂತಾದರೆ ಮುಂದುವರಿಸಬಹುದು. ಮರುದಿನವೂ ಮೆಟ್ಟಿಲಲ್ಲಿ ನೋವು ಹೆಚ್ಚೇ ಇದ್ದರೆ ಹಿಂದಿನ ಹಂತಕ್ಕೆ ಇಳಿಯಿರಿ. ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ, ಆತುರ ಬೇಡ. ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡಂತಾಗಿ ಬಿಡಿಸಲಾಗದಿದ್ದರೆ, ನಡೆಯುವಾಗ ಕುಸಿದರೆ ಮಾತ್ರ ಇದೆಲ್ಲ ನಿಲ್ಲಿಸಿ ತೋರಿಸಿಕೊಳ್ಳಿ.

ಪ್ರಶ್ನೆ: ಜಿಮ್‌ಗೆ ಸೇರಿ ಮೂರು ದಿನವಾಯಿತು. ಮೊದಲ ದಿನಕ್ಕಿಂತ ಈಗಲೇ ತೊಡೆ ಜಾಸ್ತಿ ನೋಯುತ್ತಿದೆ. ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ, ಇನ್ನೂ ಮಾಡಿದರೆ ಇಳಿಯುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಅಲ್ಲ. ಲ್ಯಾಕ್ಟಿಕ್ ಆಸಿಡ್ ವ್ಯಾಯಾಮ ಮುಗಿದ ಒಂದೆರಡು ಗಂಟೆಯೊಳಗೇ ರಕ್ತದಿಂದ ಇಳಿದಿರುತ್ತದೆ. ಅಭ್ಯಾಸವಿಲ್ಲದ ಸ್ನಾಯು ಭಾರ ಹೊತ್ತು ಹಿಗ್ಗಿದಾಗ ಎಳೆಗಳಲ್ಲಿ ಆಗುವ ಸಣ್ಣ ಪೆಟ್ಟಿನ ನೋವಿದು. 24ರಿಂದ 72 ಗಂಟೆಯ ನಡುವೆ ತುದಿ ಮುಟ್ಟಿ ಇಳಿಯುತ್ತದೆ. ಹಗುರವಾಗಿ ನಡೆದಾಡಿ, ಇಂದು ಬೇಕಿದ್ದರೆ ಕೈಗಳ ವ್ಯಾಯಾಮ ಮಾಡಿ. ಮುಂದಿನ ಸಲ ಕಾಲಿಗೆ ಅರ್ಧದಷ್ಟೇ ಭಾರ ಸಾಕು.

ಒಂದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ತೊಡೆ ಬಿಗಿದು ಊದಿ, ಮೂತ್ರ ಕಪ್ಪು ಟೀಯ ಬಣ್ಣಕ್ಕೆ ತಿರುಗಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಒಡೆದ ಸ್ನಾಯುವಿನಿಂದ ರಕ್ತಕ್ಕೆ ಸೇರಿದ ಪ್ರೋಟೀನ್ ಮೂತ್ರಪಿಂಡವನ್ನು ಕೆಡಿಸಬಲ್ಲದು. ನೋವಿನ ಮಾತ್ರೆ ನುಂಗಿ ನಾಳೆ ನೋಡೋಣ ಎನ್ನಬೇಡಿ, ಕೆಲವು ಮಾತ್ರೆಗಳು ಅದೇ ಮೂತ್ರಪಿಂಡಕ್ಕೆ ಇನ್ನೊಂದು ಹೊರೆ.

ಪ್ರಶ್ನೆ: 52 ವರ್ಷ, ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ, ಹತೋಟಿಯಲ್ಲಿದೆ. ಡಂಬೆಲ್ ಎತ್ತುವಾಗ ತಲೆ ಧಿಮ್ಮೆನ್ನುತ್ತದೆ, ಇಳಿಸಿದ ಮೇಲೆ ಕಣ್ಣು ಕತ್ತಲೆ ಬರುತ್ತದೆ.

ಉತ್ತರ: ಬಹುಶಃ ನೀವು ಉಸಿರು ಬಿಗಿಹಿಡಿದು ಎತ್ತುತ್ತಿದ್ದೀರಿ. ಹಾಗೆ ಮಾಡಿದಾಗ ಬಿಪಿ ಒಮ್ಮೆಲೇ ಜಿಗಿದು, ಉಸಿರು ಬಿಟ್ಟೊಡನೆ ಕುಸಿಯುತ್ತದೆ. ಎತ್ತುವಾಗ ಉಸಿರು ಹೊರಗೆ, ಇಳಿಸುವಾಗ ಒಳಗೆ. ಮರೆತುಹೋಗುತ್ತದೆ ಎಂದಾದರೆ ಎತ್ತುವಾಗ ಗಟ್ಟಿಯಾಗಿ ಎಣಿಸಿ: ಮಾತಾಡುವ ಬಾಯಿಗೆ ಉಸಿರು ಹಿಡಿಯಲು ಬರುವುದಿಲ್ಲ. ಇನ್ನೂ ಎರಡು ಮೂರು ಸಲ ಎತ್ತಬಹುದಿತ್ತು ಎನಿಸುವಾಗಲೇ ಸೆಟ್ ಮುಗಿಸಿ. ಕೊನೆಗೆ ಗಕ್ಕನೆ ಕೂರದೆ ಐದು ನಿಮಿಷ ನಡೆದಾಡಿ, ಇಲ್ಲದಿದ್ದರೆ ರಕ್ತ ಕಾಲಲ್ಲೇ ನಿಂತು ತಲೆ ತಿರುಗುತ್ತದೆ. ಬೀಟಾ ಬ್ಲಾಕರ್ (ನಾಡಿಬಡಿತವನ್ನು ನಿಧಾನಗೊಳಿಸುವ ಒಂದು ಬಗೆಯ ಬಿಪಿ ಮಾತ್ರೆ) ತೆಗೆದುಕೊಳ್ಳುವವರಿಗೆ ನಾಡಿಬಡಿತ ನೋಡಿ ಶ್ರಮ ಅಳೆಯುವ ಲೆಕ್ಕ ಕೈಕೊಡುತ್ತದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಅಳತೆ.

ಕಣ್ಣು ಕತ್ತಲೆ ಬರುವ ವಿಷಯ ನಿಮ್ಮ ವೈದ್ಯರಿಗೆ ತಿಳಿಸುವವರೆಗೆ ಭಾರ ಎತ್ತುವುದು ಬೇಡ. ವ್ಯಾಯಾಮದಲ್ಲಿ ಎದೆ ಹಿಂಡಿದಂತಾದರೆ, ನೋವು ದವಡೆಗೋ ತೋಳಿಗೋ ಹರಿದರೆ ತಡಮಾಡದೆ ಆಸ್ಪತ್ರೆಗೆ.

ಪ್ರಶ್ನೆ: ಅಮ್ಮನಿಗೆ 71. ದಿನಾ 40 ನಿಮಿಷ ನಡೆಯುತ್ತಾರೆ. ಅಷ್ಟು ಸಾಕಲ್ಲವೇ?

ಉತ್ತರ: ಹೃದಯಕ್ಕೆ ಸಾಕು, ಬೀಳದಿರಲು ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮದ ಜೊತೆಗೆ, ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲ ಹೆಚ್ಚಿಸುವ ಚಟುವಟಿಕೆ ಬೇಕೆನ್ನುತ್ತದೆ. ಅಡುಗೆಕಟ್ಟೆ ಹಿಡಿದು ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ 10 ಸೆಕೆಂಡ್ ನಿಲ್ಲಲಿ. ಸಲೀಸಾದ ಮೇಲೆ ಎರಡು ಬೆರಳಷ್ಟೇ ಕಟ್ಟೆಯ ಮೇಲಿರಲಿ. ಜೊತೆಗೆ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಎಂಟರಿಂದ ಹತ್ತು ಸಲ, ಎರಡು ಸೆಟ್. ಕುರ್ಚಿಯ ಬೆನ್ನು ಗೋಡೆಗೆ ಒತ್ತಿರಲಿ, ಗಾಲಿಯ ಕುರ್ಚಿ ಬೇಡವೇ ಬೇಡ. ಕಳೆದ ಒಂದು ವರ್ಷದಲ್ಲಿ ಒಮ್ಮೆಯಾದರೂ ಬಿದ್ದಿದ್ದರೆ ಮೊದಲು ಫಿಸಿಯೋಥೆರಪಿಸ್ಟ್ ಬಳಿ ಪರೀಕ್ಷೆ ಮಾಡಿಸಿ, ಮೊದಮೊದಲು ನೀವೇ ಪಕ್ಕದಲ್ಲಿ ನಿಂತು ಮಾಡಿಸಿ.