ವೆಬ್‌ವ್ಯೂ ಪುಟವನ್ನು ಚಿತ್ರವಾಗಿ ಉಳಿಸಿದರೆ ಅರ್ಧವೇ ಬರುತ್ತದೆ, ಏಕೆ?

ಆಂಡ್ರಾಯ್ಡ್ ಆ್ಯಪಿನ ವೆಬ್‌ವ್ಯೂನಲ್ಲಿ (ಆ್ಯಪಿನೊಳಗೇ ವೆಬ್ ಪುಟ ತೋರಿಸುವ ಭಾಗ) ಬಿಲ್ ಸರಿಯಾಗಿ ಕಾಣುತ್ತದೆ. ಬಿಟ್‌ಮ್ಯಾಪಿಗೆ, ಅಂದರೆ ಪಿಕ್ಸೆಲ್‌ಗಳ ಚಿತ್ರಕ್ಕೆ, ಇಳಿಸಿದರೆ ಮೊದಲ ಪರದೆಯಷ್ಟು ಮಾತ್ರ ಬರುತ್ತದೆ, ಕೆಲವೊಮ್ಮೆ ಇಡೀ ಚಿತ್ರವೇ ಬಿಳಿಯಾಗಿರುತ್ತದೆ ಎಂದಿದ್ದೀರಿ. ಇವು ಎರಡು ಬೇರೆ ಬೇರೆ ತೊಂದರೆಗಳು. ಒಂದಕ್ಕೆ ಮಾಡಿದ ಪರಿಹಾರದಿಂದ ಇನ್ನೊಂದು ಹೋಗುವುದಿಲ್ಲ.

ಅರ್ಧ ಚಿತ್ರದ ವಿಷಯ ಸುಲಭ. ಆಂಡ್ರಾಯ್ಡ್ 5.0ರಿಂದ ವೆಬ್‌ವ್ಯೂ ಮೆಮೊರಿ ಉಳಿಸುವ ಸಲುವಾಗಿ ಕಣ್ಣಿಗೆ ಬೀಳುವ ಭಾಗವನ್ನಷ್ಟೇ ಬಿಡಿಸುತ್ತದೆ. ಪೂರ್ತಿ ಬೇಕೆಂದರೆ ಎನೇಬಲ್‌ಸ್ಲೋಹೋಲ್‌ಡಾಕ್ಯುಮೆಂಟ್‌ಡ್ರಾ ಎಂಬ ಸ್ಟ್ಯಾಟಿಕ್ ಮೆಥಡ್ ಕರೆಯಬೇಕು, ಅದೂ ಆ್ಯಪಿನಲ್ಲಿ ಯಾವುದೇ ವೆಬ್‌ವ್ಯೂ ಹುಟ್ಟುವ ಮೊದಲು. 'ಸ್ಲೋ' ಎಂದು ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ, ಆಮೇಲೆ ನಿಧಾನವಾಯಿತೆಂದು ದೂರುವಂತಿಲ್ಲ. ಎತ್ತರವನ್ನು ಗೆಟ್‌ಕಂಟೆಂಟ್‌ಹೈಟ್‌ನಿಂದ ಪಡೆಯುತ್ತಿದ್ದರೆ, ಅದು ಕೊಡುವುದು ಸಿಎಸ್‌ಎಸ್ ಪಿಕ್ಸೆಲ್‌ಗಳಲ್ಲಿ, ಅಂದರೆ ವೆಬ್ ಪುಟದ ಅಳತೆಯಲ್ಲಿ; ಪರದೆಯ ನಿಜವಾದ ಪಿಕ್ಸೆಲ್‌ಗಳಲ್ಲಲ್ಲ. ಪರದೆಯ ಡೆನ್ಸಿಟಿಯಿಂದ ಗುಣಿಸದಿದ್ದರೆ ಬಿಲ್ಲಿನ ಬಾಲ ಕತ್ತರಿಸಿಹೋಗುತ್ತದೆ.

ಬಿಳಿ ಚಿತ್ರವೇ ನಿಜವಾದ ತಲೆನೋವು. ಆನ್‌ಪೇಜ್‌ಫಿನಿಶ್ಡ್ ಎಂಬ ಸೂಚನೆ ಬಂದ ಕೂಡಲೇ ನೀವು ಚಿತ್ರ ತೆಗೆಯುತ್ತಿದ್ದೀರಿ. ಪುಟ ಲೋಡ್ ಆಯಿತು ಎಂಬುದಷ್ಟೇ ಅದರ ಅರ್ಥ; ಪರದೆಗೆ ಬಿಡಿಸಿ ಮುಗಿದಿದೆ ಎಂದಲ್ಲ. ಇದಕ್ಕೆ ಹಲವರು ಅರ್ಧ ಸೆಕೆಂಡ್ ತಡಮಾಡಿ ತೆಗೆಯುತ್ತಾರೆ. ನಾನು ಅದನ್ನು ಪರಿಹಾರವೆಂದು ಒಪ್ಪುವುದಿಲ್ಲ: ನಿಮ್ಮ ಮೇಜಿನ ಮೇಲಿನ ಫೋನಿನಲ್ಲಿ ನಡೆಯುತ್ತದೆ, ಗಿರಾಕಿಯ ಹಳೆಯ ಫೋನಿನಲ್ಲಿ ಕೈಕೊಡುತ್ತದೆ. ಆಂಡ್ರಾಯ್ಡ್ 6.0ರಿಂದ ಪೋಸ್ಟ್‌ವಿಶುಯಲ್‌ಸ್ಟೇಟ್‌ಕಾಲ್‌ಬ್ಯಾಕ್ ಇದೆ. ಡಾಮ್‌ನ (ಬ್ರೌಸರ್ ಮೆಮೊರಿಯಲ್ಲಿ ಇಟ್ಟುಕೊಂಡ ಪುಟದ ರಚನೆ) ಈಗಿನ ಸ್ಥಿತಿ ಮುಂದಿನ ಬಾರಿ ಬಿಡಿಸುವಾಗ ಕಾಣಿಸುತ್ತದೆ ಎಂಬ ಖಾತರಿ ಸಿಕ್ಕ ಮೇಲೆಯೇ ಅದು ನಿಮ್ಮ ಕೋಡನ್ನು ಕರೆಯುತ್ತದೆ. ಡ್ರಾ ಮಾಡಬೇಕಾದದ್ದು ಅದರೊಳಗೆ.

ಬಿಲ್ ಕನ್ನಡದಲ್ಲಿದ್ದು ಫಾಂಟ್ ಸರ್ವರ್‌ನಿಂದ ಬರುತ್ತಿದ್ದರೆ ಇನ್ನೊಂದು ಹೆಜ್ಜೆ ಇದೆ. ಫಾಂಟ್ ಬರುವ ಮೊದಲು ತೆಗೆದ ಚಿತ್ರದಲ್ಲಿ ಅಕ್ಷರಗಳ ಜಾಗ ಖಾಲಿ ಇರಬಹುದು, ಇಲ್ಲವೇ ಫೋನಿನ ಸ್ವಂತ ಫಾಂಟ್ ಬಂದು ಸಾಲುಗಳು ಬೇರೆ ಕಡೆ ಮುರಿದಿರಬಹುದು. ಡಾಕ್ಯುಮೆಂಟ್.ಫಾಂಟ್ಸ್.ರೆಡಿ ಎಂಬ ಪ್ರಾಮಿಸ್ (ಕೆಲಸ ಮುಗಿದಾಗ ಈಡೇರುವ ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್) ಈಡೇರುವವರೆಗೆ ಕಾಯಬೇಕು. ಆದರೆ ಆ್ಯಪಿನಿಂದ ಪುಟದಲ್ಲಿ ಸ್ಕ್ರಿಪ್ಟ್ ಓಡಿಸುವ ಇವ್ಯಾಲ್ಯುಯೇಟ್‌ಜಾವಾಸ್ಕ್ರಿಪ್ಟ್ ಪ್ರಾಮಿಸ್‌ಗಾಗಿ ಕಾಯುವುದಿಲ್ಲ, ತಕ್ಷಣವೇ ಖಾಲಿ ಆಬ್ಜೆಕ್ಟ್ ಹಿಡಿದುಕೊಂಡು ಬರುತ್ತದೆ. ಆದ್ದರಿಂದ ಒಂದು ಜಾವಾಸ್ಕ್ರಿಪ್ಟ್ ಇಂಟರ್‌ಫೇಸ್ (ಪುಟದ ಸ್ಕ್ರಿಪ್ಟ್ ಆ್ಯಪಿನ ಕೋಡನ್ನು ಕರೆಯುವ ದಾರಿ) ಸೇರಿಸಿ, ಪ್ರಾಮಿಸ್‌ನ 'ದೆನ್' ಒಳಗಿಂದ ಅದನ್ನು ಕರೆಸಿ. ಆ ಕರೆ ಬೇರೆ ಥ್ರೆಡ್‌ನಲ್ಲಿ ಬರುತ್ತದೆ. ಪರದೆಯ ಕೆಲಸ ನಡೆಯುವ ಯುಐ ಥ್ರೆಡ್‌ಗೆ ಮರಳಿ, ಎತ್ತರವನ್ನು ಮತ್ತೆ ಅಳೆದು, ಆಮೇಲೆ ಮೇಲೆ ಹೇಳಿದ ಕಾಲ್‌ಬ್ಯಾಕ್ ಹಾಕಿ.

ಮೆಮೊರಿಯ ಲೆಕ್ಕವನ್ನೂ ನೋಡಿಕೊಳ್ಳಿ. 1080 ಪಿಕ್ಸೆಲ್ ಅಗಲ, 10,000 ಪಿಕ್ಸೆಲ್ ಎತ್ತರದ ಬಿಟ್‌ಮ್ಯಾಪ್ ಪಿಕ್ಸೆಲ್‌ಗೆ 4 ಬೈಟ್‌ನಂತೆ ಸುಮಾರು 43 ಎಂಬಿ ನುಂಗುತ್ತದೆ. ಉದ್ದದ ಬಿಲ್ ಆದರೆ ಕ್ಯಾನ್ವಾಸನ್ನು ಮೇಲಕ್ಕೆ ಸರಿಸುತ್ತಾ ತುಂಡು ತುಂಡಾಗಿ ತೆಗೆದು ಉಳಿಸಿ. ಜೆಪೆಗ್ ಬೇಡ, ಒತ್ತಕ್ಷರಗಳ ಅಂಚು ಕಲಸಿಹೋಗುತ್ತದೆ, ಪಿಎನ್‌ಜಿ ಇರಲಿ.

ಅಂದಹಾಗೆ, ಗಿರಾಕಿಗೆ ಚಿತ್ರವೇ ಬೇಕೆಂಬ ಹಟವಿಲ್ಲದಿದ್ದರೆ ಕ್ರಿಯೇಟ್‌ಪ್ರಿಂಟ್‌ಡಾಕ್ಯುಮೆಂಟ್‌ಅಡಾಪ್ಟರ್ ಬಳಸಿ ಪಿಡಿಎಫ್ ಮಾಡಿಸಿ. ಪುಟಗಳನ್ನು ಅದೇ ವಿಂಗಡಿಸುತ್ತದೆ, ಎಷ್ಟು ಹಿಗ್ಗಿಸಿದರೂ ಅಕ್ಷರ ಮಸುಕಾಗುವುದಿಲ್ಲ.