ರಕ್ಷಿತಾರಣ್ಯದಲ್ಲಿ ಕೀಟಗಂಟುಗಳ ಸಮೀಕ್ಷೆ: ಎಲ್ಲಿಂದ ಶುರು ಮಾಡಬೇಕು?

ಅನುಮತಿ ಸಿಕ್ಕಿದೆ, ಒಂದು ವರ್ಷದ ಸಮಯವಿದೆ, ಕೀಟಗಳಿಂದಾಗಿ ಗಿಡದ ಎಲೆ, ರೆಂಬೆಗಳ ಮೇಲೆ ಊದಿಕೊಂಡು ಏಳುವ ಗಂಟುಗಳನ್ನು ಕಿತ್ತು ತಂದು ಸೀಸೆಯಲ್ಲಿಟ್ಟು ಹೊರಬಂದ ಕೀಟಕ್ಕೆ ಹೆಸರು ಹಚ್ಚಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಮೊದಲ ವರ್ಷ ನಾನು ಮಾಡಿದ್ದು ಅದನ್ನೇ. ಆ ವರ್ಷದ ಪಟ್ಟಿಯಲ್ಲಿ ಅರ್ಧದಷ್ಟನ್ನು ಆಮೇಲೆ ಹೊಡೆದುಹಾಕಬೇಕಾಯಿತು.

ಕೀಟವನ್ನು ಸದ್ಯಕ್ಕೆ ಬಿಡಿ, ಗಿಡವನ್ನು ಹಿಡಿಯಿರಿ. ಗಂಟು ಎಬ್ಬಿಸುವ ಜೀವಿಗಳು ಊಟದ ವಿಷಯದಲ್ಲಿ ಮಹಾ ಹಟಮಾರಿಗಳು. ಹೆಚ್ಚಿನವು ಒಂದೇ ಜಾತಿಯ ಗಿಡಕ್ಕೆ, ಇಲ್ಲವೇ ಅದರ ಹತ್ತಿರದ ದಾಯಾದಿಗಳಿಗೆ ಮಾತ್ರ ಅಂಟಿಕೊಂಡಿರುತ್ತವೆ. ಗಂಟು ಬೆಳೆಯುವುದು ಗಿಡದ ಜೀವಕೋಶಗಳಿಂದಲೇ ಆದರೂ ಅದರ ಆಕಾರ ತೀರ್ಮಾನವಾಗುವುದು ಬಹುಮಟ್ಟಿಗೆ ಒಳಗಿರುವವನಿಂದ. ಹಾಗಾಗಿ ಯಾವ ಗಿಡ, ಯಾವ ಭಾಗ, ಎಂಥ ಆಕಾರ ಎಂಬುದು ಖಚಿತವಾದರೆ ಒಳಗಿರುವವನನ್ನು ನೋಡುವ ಮೊದಲೇ ಅವನ ಮನೆತನ ಊಹಿಸಬಹುದು. ಹೊಂಗೆಯ ಎಲೆಯಿಂದ ಪುಟ್ಟ ಬೆರಳುಗಳಂತೆ ಎದ್ದು ನಿಂತವು ನುಸಿಯ (ಮೈಟ್), ಅಂದರೆ ಜೇಡದ ಬಳಗದ ಅತಿ ಸಣ್ಣ ಜೀವಿಯ ಕೆಲಸ. ನೀಲಗಿರಿಯ ಎಲೆಯ ನಡುನರವೂ ತೊಟ್ಟೂ ಊದಿಕೊಂಡಿದ್ದರೆ ಆಸ್ಟ್ರೇಲಿಯಾ ಮೂಲದ ಸಣ್ಣ ಕಣಜವೊಂದನ್ನು ಸಂದೇಹಿಸಬೇಕು. 2004ರಲ್ಲಷ್ಟೇ ಅದಕ್ಕೆ ವೈಜ್ಞಾನಿಕ ಹೆಸರು ಬಿದ್ದದ್ದು. ಗಿಡದ ಹೆಸರು ತಪ್ಪಿದರೆ ಮಾತ್ರ ಆ ಸಾಲಿನಲ್ಲಿ ಬರೆದದ್ದೆಲ್ಲ ತಪ್ಪು. ಹೂವಿಲ್ಲದ ಗಿಡದ ಮುಂದೆ ಜಂಬ ಬೇಡ: ಒಂದು ರೆಂಬೆ ಒಣಗಿಸಿಡಿ, ಮರಕ್ಕೆ ಗುರುತು ಕಟ್ಟಿ, ಹೂ ಬಿಟ್ಟಾಗ ಮತ್ತೆ ಹೋಗಿ.

ನುಸಿ ಕೀಟವೇ ಅಲ್ಲ ಎಂದು ಯಾರಾದರೂ ತಕರಾರು ತೆಗೆಯುತ್ತಾರೆ. ನಿಜ, ಅಲ್ಲ. ಆದರೂ ಬರೆದುಕೊಳ್ಳಿ. ಗಂಟು ಎಬ್ಬಿಸುವ ಶಿಲೀಂಧ್ರ, ಬ್ಯಾಕ್ಟೀರಿಯಾಗಳೂ ಇವೆ. ಯಾರದು ಎಂದು ತಿಳಿಯಬೇಕಾದರೆ ಒಂದು ಗಂಟನ್ನು ಅಲ್ಲೇ ಬ್ಲೇಡಿನಿಂದ ಸೀಳಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಬೇಕು. ಒಂದೇ ಚೀಲದೊಳಗೆ ಹಿಂಡಾಗಿ ಇದ್ದರೆ ಬಹುಶಃ ಗಿಡಹೇನು. ತಲೆ, ಕಾಲು ಸ್ಪಷ್ಟವಾಗಿದ್ದು ಸುತ್ತ ಹಿಕ್ಕೆ ತುಂಬಿದ್ದರೆ ಪತಂಗದ ಹುಳು. ಬಿಳಿಯದಾಗಿ, ಕಾಲಿಲ್ಲದೆ ಬಾಗಿ ಮಲಗಿದ್ದರೆ ಬಹುಶಃ ಕಣಜದ ಮರಿ. ಕಿತ್ತಳೆ ಬಣ್ಣದ, ತಲೆಯೇ ಇಲ್ಲದಂತೆ ಕಾಣುವ ಮರಿಯಾದರೆ ನೊಣ. ಬಲಿತ ಅನೇಕ ನೊಣದ ಮರಿಗಳ ಎದೆಯಡಿಯಲ್ಲಿ ಕಂದು ಬಣ್ಣದ ಪುಟ್ಟ ಕಡ್ಡಿಯಂಥ ಗುರುತೂ ಇರುತ್ತದೆ. ಹೊಂಗೆಯ ನುಸಿಯಂತೂ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಮಸೂರದಲ್ಲಿ ಧೂಳು ಅಲುಗಿದಂತೆ ಕಂಡರೆ ಅದೃಷ್ಟ.

ಈಗ ನನ್ನ ಎಡವಟ್ಟು. ಮಾವಿನ ಎಲೆಯ ಗುಂಡುಗಂಟುಗಳನ್ನು ಸೀಸೆಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿಟ್ಟೆ. ಒಂಬತ್ತನೇ ದಿನ ಹಸಿರು ಲೋಹದಂತೆ ಮಿರುಗುವ ಹದಿನೇಳು ಕಣಜಗಳು ಬಟ್ಟೆಗೆ ತಲೆ ತಾಗಿಸುತ್ತಿದ್ದವು. ಖುಷಿಯಿಂದ 'ಗಂಟು ಮಾಡಿದ್ದು ಕಣಜ' ಎಂದು ಬರೆದೆ. ಅದೇ ಮರದ ತಾಜಾ ಗಂಟು ಸೀಳಿದ್ದು ಎರಡು ವಾರ ಕಳೆದ ಮೇಲೆ: ಕಿತ್ತಳೆ ಬಣ್ಣದ ನೊಣದ ಮರಿ, ಅದರ ಪಕ್ಕೆಗೆ ಕಚ್ಚಿಕೊಂಡ ಇನ್ನೊಂದು ಬಿಳಿ ಮರಿ. ನನ್ನ ಕಣಜಗಳು ಮನೆ ಕಟ್ಟಿದವರಲ್ಲ, ಯಜಮಾನನನ್ನೇ ತಿಂದು ಹೊರಬಂದ ಪರಾವಲಂಬಿಗಳು. ಇದಲ್ಲದೆ, ಬೇರೆಯವರು ಎಬ್ಬಿಸಿದ ಗಂಟಿನೊಳಗೆ ಬಿಡಾರ ಹೂಡುವ ಕಣಜಗಳೂ ಇವೆ. ಆದ್ದರಿಂದ ಸೀಸೆಯಿಂದ ಬಂದದ್ದನ್ನು 'ಹೊರಬಂದದ್ದು' ಎಂದು ಮಾತ್ರ ಬರೆಯಿರಿ, 'ಮಾಡಿದ್ದು' ಎನ್ನಬೇಡಿ. ಎಳೆ ಗಂಟು ಕಿತ್ತರೆ ಎಲೆ ಬಾಡಿ ಮರಿ ಸಾಯುತ್ತದೆ. ಬಲಿತದ್ದನ್ನೇ ತನ್ನಿ, ಇಲ್ಲವೇ ಮರದಲ್ಲೇ ತೆಳು ಬಟ್ಟೆಯ ಚೀಲ ಕಟ್ಟಿ.

ಮಾದರಿಗಳ ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಮಾದರಿ ಕೆಡದಂತೆ ಮುಳುಗಿಸಿಡುವ ಮದ್ಯಸಾರದಲ್ಲಿ ಪೆನ್ನಿನ ಶಾಯಿ ಕರಗಿಹೋಗುತ್ತದೆ. ತಮಾಷೆಯೆಂದರೆ, ಶತಮಾನಗಳ ಕಾಲ ಬಾಳಿಕೆಯ ಶಾಯಿ ತಯಾರಾಗುತ್ತಿದ್ದುದು ಮಾಚಿಕಾಯಿಗೆ ಕಬ್ಬಿಣದ ಲವಣ ಬೆರೆಸಿ, ಮಾಚಿಕಾಯಿ ಎನ್ನುವುದೋ ಕಾಯಿಯೇ ಅಲ್ಲ, ಓಕ್ ಮರದ ಮೇಲೆ ಕಣಜ ಎಬ್ಬಿಸಿದ ಗಂಟು.

ಎಣಿಕೆಯಲ್ಲಿ ಹೆಚ್ಚಿನವರು ತಪ್ಪುವುದು ಸೊನ್ನೆಯಲ್ಲಿ. ಗಂಟಿರುವ ಮರವನ್ನು ಹುಡುಕಿ ಹೋದರೆ ಎಲ್ಲ ಮರದಲ್ಲೂ ಗಂಟಿದೆ ಎಂಬ ಪಟ್ಟಿ ಸಿದ್ಧವಾಗುತ್ತದೆ. ಪ್ರತಿ ಜಾತಿಯ ಹತ್ತು ಮರಗಳನ್ನು ಗಂಟು ನೋಡದೆ ಆರಿಸಿ, ಒಂದೊಂದರಲ್ಲೂ ಐದು ರೆಂಬೆ, ರೆಂಬೆಗೆ ಇಪ್ಪತ್ತು ಎಲೆ ನೋಡಿ, ಏನೂ ಸಿಗದಿದ್ದರೂ '100 ಎಲೆ, 0' ಎಂದು ನಮೂದಿಸಿ.

ಒಂದೇ ಸಲ ಹೋಗಿ ಮುಗಿಸುವ ಕೆಲಸವೂ ಇದಲ್ಲ. ಯೂರೋಪಿನ ಓಕ್ ಮರದ ಒಂದೇ ಜಾತಿಯ ಕಣಜ ವಸಂತದಲ್ಲಿ ಹೂಗೊಂಚಲಿನ ಮೇಲೆ ದ್ರಾಕ್ಷಿಯಂಥ ಗುಂಡುಗಂಟು, ಶರತ್ಕಾಲದಲ್ಲಿ ಎಲೆಯಡಿಯಲ್ಲಿ ಚಪ್ಪಟೆ ಬಿಲ್ಲೆ ಮಾಡುತ್ತದೆ. ಎರಡನ್ನೂ ಬೇರೆ ಬೇರೆ ಜಾತಿಯೆಂದು ಬರೆಯುವುದು ಬಲು ಸುಲಭ. ಗುರುತು ಕಟ್ಟಿದ ಅವೇ ಮರಗಳಿಗೆ ತಿಂಗಳಿಗೊಮ್ಮೆ ಹೋಗಿ, ಚಿಗುರೊಡೆಯುವಾಗ ಹದಿನೈದು ದಿನಕ್ಕೊಮ್ಮೆ. ಒಂದು ಮರದಿಂದ ನಾಲ್ಕೈದು ಗಂಟಿಗಿಂತ ಹೆಚ್ಚು ಕೀಳಬೇಡಿ. ಉಳಿದವನ್ನು ಮುಂದಿನ ತಿಂಗಳು ನೀವೇ ಎಣಿಸಬೇಕಲ್ಲ.