ಗಣಿತ, ವಿಜ್ಞಾನದ ನಿಘಂಟು ಇಟ್ಟುಕೊಂಡು ವಿಷಯ ಕಲಿಯಬಹುದೇ?

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್ ಸೇರಿದ್ದೀರಿ, ಗಣಿತ ಮತ್ತು ಭೌತಶಾಸ್ತ್ರದ ನಿಘಂಟು ಕೊಳ್ಳಬೇಕೇ ಎಂದು ಕೇಳಿದ್ದೀರಿ. ನಾನೂ ಅದೇ ದಾರಿಯಲ್ಲಿ ಬಂದವನು. ಕೊಳ್ಳಿ. ಆದರೆ ಪಠ್ಯಪುಸ್ತಕ ಮುಚ್ಚಿಟ್ಟು ಅದನ್ನೇ ಓದಲು ಕೂತರೆ ಒಂದು ವಾರದಲ್ಲಿ ಬೇಸತ್ತು ಬಿಡುತ್ತೀರಿ.

ಮೊದಲ ಪಿಯುಸಿಯಲ್ಲಿ ‘ನಾರ್ಮಲ್ ಫೋರ್ಸ್’ ಎಂಬ ಮಾತು ಬಂತು. ಮನೆಯಲ್ಲಿದ್ದ ಇಂಗ್ಲಿಷ್-ಕನ್ನಡ ನಿಘಂಟು ನಾರ್ಮಲ್ ಅಂದರೆ ಸಾಮಾನ್ಯ, ಸಹಜ ಎಂದಿತು. ಸರಿ, ವಸ್ತುವಿನ ಸಹಜ ಬಲ ಅಂದರೆ ಅದರ ತೂಕವೇ ಇರಬೇಕು ಅಂದುಕೊಂಡೆ. ಸಮತಟ್ಟಾದ ಮೇಜಿನ ಲೆಕ್ಕಗಳಲ್ಲಿ ಉತ್ತರ ಸರಿಯಾಗಿಯೇ ಬರುತ್ತಿತ್ತು, ಅದೇ ಕಷ್ಟಕ್ಕೆ ಬಂದದ್ದು! ಇಳಿಜಾರಿನ ಲೆಕ್ಕ ಬಂದಾಗ ಎಲ್ಲವೂ ತಪ್ಪು. ಕಾಲೇಜು ಲೈಬ್ರರಿಯ ಭೌತಶಾಸ್ತ್ರ ನಿಘಂಟಿನಲ್ಲಿ ಇದ್ದದ್ದು ಒಂದೇ ಸಾಲು: ಮೇಲ್ಮೈಗೆ ಲಂಬವಾಗಿರುವುದು. ಇಳಿಜಾರಿನಲ್ಲಿ ತೂಕವನ್ನು ಕೋನದ ಕೊಸೈನ್‌ನಿಂದ ಏಕೆ ಗುಣಿಸುತ್ತಾರೆ ಎನ್ನುವುದು ಆಗ ಹೊಳೆಯಿತು. ಲ್ಯಾಟಿನ್‌ನಲ್ಲಿ ‘ನೋರ್ಮಾ’ ಅಂದರೆ ಬಡಗಿಯ ಮೂಲೆಮಟ್ಟವಂತೆ. ಲಂಬ ಎಂಬ ಅರ್ಥ ಅಲ್ಲಿಂದ ಬಂದದ್ದು. ಗಣಿತದ ನಿಘಂಟಿನಲ್ಲಿ ಅದೇ ಪದ ನೋಡಿ: ವಕ್ರರೇಖೆಗೆ ನಾರ್ಮಲ್, ನಾರ್ಮಲ್ ಡಿಸ್ಟ್ರಿಬ್ಯೂಷನ್, ನಾರ್ಮಲ್ ಸಬ್‌ಗ್ರೂಪ್, ಒಂದಕ್ಕೊಂದು ಸಂಬಂಧವೇ ಕಾಣದ ಅರ್ಥಗಳು. ಸಾಮಾನ್ಯ ನಿಘಂಟು ಇಲ್ಲಿ ಕೈಕೊಡುತ್ತದೆ.

ನಿಮ್ಮ ಕನ್ನಡ ಪದಗಳನ್ನೂ ಬಿಡಬೇಡಿ. ‘ರ‍್ಯಾಷನಲ್ ನಂಬರ್’ ಅಂದಾಗ ನನ್ನ ಇಂಗ್ಲಿಷ್ ಮಾಧ್ಯಮದ ಗೆಳೆಯರಿಗೆ ಏನೂ ಹೊಳೆಯುತ್ತಿರಲಿಲ್ಲ, ಅದಕ್ಕೆ ಕನ್ನಡದಲ್ಲಿರುವ ‘ಭಾಗಲಬ್ಧ ಸಂಖ್ಯೆ’ಯಲ್ಲಿ ‘ಭಾಗಲಬ್ಧ’ ಎಂದರೆ ಭಾಗಿಸಿದಾಗ ಸಿಕ್ಕದ್ದು ಎಂದು ನಮಗೆ ಪದವೇ ಹೇಳುತ್ತದೆ. ಸಮಾಂತರ ಶ್ರೇಢಿಯೂ (ಅರಿತ್ಮೆಟಿಕ್ ಪ್ರೊಗ್ರೆಷನ್) ಹಾಗೇ, ಸಮ ಅಂತರದಲ್ಲಿ ಸಾಗುವ ಸಂಖ್ಯೆಗಳು. ಸ್ವಲ್ಪ ವಿಸ್ತಾರವಾಗಿ ಓದಬೇಕೆನಿಸಿದರೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಇದೆ, ಅದರ ವಿಜ್ಞಾನ ಸಂಪಾದಕರಾಗಿದ್ದವರು ಜಿ.ಟಿ. ನಾರಾಯಣರಾಯರು.

ಇನ್ನು ಬಳಸುವ ರೀತಿ. ಇಂಥ ನಿಘಂಟುಗಳಲ್ಲಿ ಒಂದು ಪದದ ವಿವರಣೆಯೊಳಗೆ ಇನ್ನೊಂದು ಪದಕ್ಕೆ ನಕ್ಷತ್ರದ ಗುರುತೋ ದಪ್ಪ ಅಕ್ಷರವೋ ಇರುತ್ತದೆ, ಅಲ್ಲಿಗೂ ಹೋಗಿ ನೋಡಿ ಎಂದು. ಡಿಗ್ರಿಯಲ್ಲಿದ್ದಾಗ ವೆಕ್ಟರ್ ಸ್ಪೇಸ್ ಹುಡುಕಲು ಹೋಗಿ ಫೀಲ್ಡ್, ಅಲ್ಲಿಂದ ಅಬೀಲಿಯನ್ ಗ್ರೂಪ್, ಅಲ್ಲಿಂದ ಬೈನರಿ ಆಪರೇಷನ್ ಎಂದು ಅಲೆದು, ಕೊನೆಗೆ ಏನು ಹುಡುಕುತ್ತಿದ್ದೆ ಎನ್ನುವುದೇ ಮರೆತಿತ್ತು. ಈಗ ಎರಡು ಜಿಗಿತಕ್ಕೆ ನಿಲ್ಲಿಸುತ್ತೇನೆ. ಉಳಿದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ನಾಳೆಗೆ ಬಿಡುತ್ತೇನೆ.

ಅದೇ ನೋಟ್‌ಬುಕ್ಕಿನಲ್ಲಿ ಪ್ರತಿ ಪದಕ್ಕೂ ಎರಡು ಉದಾಹರಣೆ ನೀವೇ ಬರೆಯಿರಿ: ವ್ಯಾಖ್ಯೆಗೆ ಹೊಂದುವುದೊಂದು, ಹೊಂದದ್ದೊಂದು. ಎರಡನೆಯದು ಬಹುಪಾಲು ನಿಘಂಟಿನಲ್ಲಿ ಇರುವುದೇ ಇಲ್ಲ, ತಿಳಿವಳಿಕೆ ಹುಟ್ಟುವುದು ಮಾತ್ರ ಅಲ್ಲೇ. ಎಕ್ಸ್‌ನ ನಿರಪೇಕ್ಷ ಬೆಲೆಯ ನಕ್ಷೆ ಬರೆದು ನೋಡಿ. ಸೊನ್ನೆಯಲ್ಲಿ ಗೆರೆ ಎಲ್ಲೂ ತುಂಡಾಗಿಲ್ಲ, ಆದರೆ ಅಲ್ಲೊಂದು ಚೂಪಾದ ಮೂಲೆ ಇದೆ, ಡಿರೈವೇಟಿವ್, ಅಂದರೆ ಆ ಬಿಂದುವಿನಲ್ಲಿ ಗೆರೆಯ ಓರೆ, ಸಿಗುವುದಿಲ್ಲ. ‘ಕಂಟಿನ್ಯುಯಸ್’ (ತುಂಡಾಗದ್ದು) ಮತ್ತು ‘ಡಿಫರೆನ್ಷಿಯಬಲ್’ (ಡಿರೈವೇಟಿವ್ ಸಿಗುವಂಥದ್ದು) ಬೇರೆ ಬೇರೆ ಎಂದು ನನಗೆ ಅರ್ಥವಾದದ್ದು ಆ ಮೂಲೆ ನೋಡಿದ ಮೇಲೆ.

ಹೊಸದಕ್ಕೆ ದುಡ್ಡು ಸುರಿಯಬೇಡಿ. ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ. ಗಣಿತದ್ದು 30 ವರ್ಷ ಹಳೆಯದಾದರೂ ನಡೆಯುತ್ತದೆ. ವಿಜ್ಞಾನದ್ದಾದರೆ ಕಿಲೋಗ್ರಾಂ ಎಂಬ ಪುಟ ತೆರೆಯಿರಿ. ಪ್ಯಾರಿಸ್ ಬಳಿ ಇಟ್ಟಿರುವ ಪ್ಲಾಟಿನಂ-ಇರಿಡಿಯಂ ಸಿಲಿಂಡರಿನ ದ್ರವ್ಯರಾಶಿ ಎಂದಿದ್ದರೆ ಅದು 2019ರ ಮೇ 20ಕ್ಕಿಂತ ಹಿಂದಿನದು. ಆಮೇಲೆ ಕಿಲೋಗ್ರಾಂ ಅನ್ನು ಪ್ಲ್ಯಾಂಕ್ ಸ್ಥಿರಾಂಕ ಎಂಬ, ಭೌತಶಾಸ್ತ್ರದ ಎಂದೂ ಬದಲಾಗದ ಬೆಲೆಯ ಮೂಲಕ ಹೇಳುತ್ತಾರೆ. ಆ ಪುಟವನ್ನು ಅಂಗಡಿಯವನಿಗೆ ತೋರಿಸಿ ಚೌಕಾಸಿ ಮಾಡಿ.